ನಲವತ್ತೊಂದು, ನಲವತ್ತೆರಡು

ಚೌಕ ಗಂಡು, ವೃತ್ತ ಹೆಣ್ಣು,
ಸತ್ತವರ ಮೇಲೊಂದು ಓರೆಗೆರೆ.
ಕಾಯಿಲೆ ಬಿದ್ದವರಿಗೆ ಒಳಗೆಲ್ಲ ಕಪ್ಪು ತುಂಬಬೇಕು.
ಹೀಗೆ ವಂಶ ಬರೆಯುವುದನ್ನು ಕಲಿಸಿದ್ದು
ಲಿಸ್ಬನ್‌ನಿಂದ ಬಂದ ಡಾಕ್ಟರ್ ವಿಲ್ಯೆನಾ.
ನಾನು ರಕ್ತ ತೆಗೆಯುವ ನರ್ಸ್, ಇದೇ ದ್ವೀಪದವಳು.

ಸಾವೊ ಜೋರ್ಜೆ ಅಂದರೆ ಭೂಪಟದಲ್ಲಿ
ಅಟ್ಲಾಂಟಿಕ್ ನಡುವೆ ಯಾರೋ ಮರೆತು ಹೋದ ಚಾಕು.
ಯಾವ ಕಾಲದಲ್ಲೋ ಒಂದಿಷ್ಟು ದೋಣಿ ಜನ ಬಂದರು,
ಆಮೇಲೆಲ್ಲ ಅವರವರಲ್ಲೇ ಕೊಟ್ಟು ತಂದದ್ದು.
ಐದು ತಲೆಮಾರು ಹಿಂದಕ್ಕೆ ಗೆರೆ ಎಳೆದರೆ
ಎಲ್ಲ ಗೆರೆಯೂ ಒಂದೇ ಅಡುಗೆಮನೆಗೆ ಹೋಗಿ ಕೂರುತ್ತದೆ.
ನಮ್ಮಲ್ಲಿ ಹುಡುಕುವುದು ಸುಲಭವಂತೆ.

ಅಜ್ಜಿ ಲಿಯೊನಿಲ್ದೆಯ ವೃತ್ತಕ್ಕೆ ಬಂದಾಗ
ಪೆನ್ಸಿಲ್ ನಿಂತಿತು.
ರಾತ್ರಿ ಎರಡಕ್ಕೆ ಎದ್ದು ಮನೆಗೆ ಸುಣ್ಣ ಹೊಡೆದವಳು,
ಮನೆ ಮುಗಿದ ಮೇಲೆ ಹಂದಿಗೂಡಿಗೆ,
ಅದೂ ಮುಗಿದ ಮೇಲೆ ಪಕ್ಕದವರ ಗೋಡೆಗೆ.
ಆ ತಿಂಗಳು ಎಂಥ ಮಾತು, ಎಂಥ ನಗು, ಎಂಥ ಸಾಲ!
ಆಮೇಲೆ ಎಂಟು ವಾರ ಗೋಡೆಗೆ ಮುಖ ಮಾಡಿ ಮಲಗಿದಳು,
ತಾನೇ ಬಳಿದ ಬಿಳಿ ಗೋಡೆಗೆ.
ಯಾರೂ ಕಾಯಿಲೆ ಅನ್ನಲಿಲ್ಲ. 'ಸುಣ್ಣದ ಕೈ' ಅಂದರು.
ಈಗ ನಾನು ಕಪ್ಪು ತುಂಬಿದೆ.

ತಮ್ಮ ಗ್ವಾಲ್ತೆರ್.
ಇಪ್ಪತ್ತೆರಡನೇ ವಯಸ್ಸಿಗೆ, ಒಂದೇ ವಾರದಲ್ಲಿ,
ಎರಡು ಹಸು ಮಾರಿ ಊರ ಮಕ್ಕಳಿಗೆಂದು
ಹನ್ನೊಂದು ಜೊತೆ ಚಕ್ರದ ಬೂಟು ತರಿಸಿದ.
ನಮ್ಮೂರಿನಲ್ಲಿ ಸಮತಟ್ಟಾದ ಒಂದು ಮಾರು ರಸ್ತೆಯಿಲ್ಲ.
ಅವನ ಚೌಕವನ್ನೂ ತುಂಬಿದೆ.
ಲಿಥಿಯಂ ನುಂಗುವ ಅವನ ಕೈ ನಡುಗುತ್ತದೆ;
ತುಂಬುವಾಗ ನನ್ನದೂ.

'ಒಂದು ಅಕ್ಷರದ ತಪ್ಪಲ್ಲ,' ಅಂದರು ಡಾಕ್ಟರ್.
'ಸಾವಿರಾರು ಕಡೆ ಸಣ್ಣಸಣ್ಣ ವ್ಯತ್ಯಾಸ,
ಒಂದೊಂದೂ ಸಾಸಿವೆ ತೂಕ. ಕೂಡಿಸಿದರೆ ಒಂದು ಅಂಕಿ.
ಹಣೆಬರಹ ಓದಲು ನಮಗೆ ಬರುವುದಿಲ್ಲ,
ಅದರ ತೂಕ ಹಾಕುತ್ತೇವೆ, ಅಷ್ಟೇ.'

ಕೊಳವೆಗಳಿಗೆ ಹೆಸರಿಲ್ಲ, ನಂಬರು.
ಅಂಟಿಸಿದವಳು ನಾನೇ:
ಅವನದು ನಲವತ್ತೊಂದು, ನನ್ನದು ನಲವತ್ತೆರಡು.
ಪಟ್ಟಿ ಬಂದಾಗ ನೋಡಬಾರದು ಎಂಬುದು ನಿಯಮ.

ನೋಡಿದೆ.

ನಲವತ್ತೊಂದು ಎಲ್ಲೋ ನಡುವಿನಲ್ಲಿ, ಸಾಧಾರಣ ಜನರ ಮಧ್ಯೆ.
ನಲವತ್ತೆರಡು ಮೇಲಿನಿಂದ ನಾಲ್ಕನೆಯದು.

ಎರಡು ಸಲ ಲೈಟು ಆರಿಸಿ ಹಾಕಿದೆ.
ಹಾಗಾದರೆ ನನ್ನೊಳಗೆ ಅದೆಲ್ಲ ಎಲ್ಲಿ ಕೂತಿದೆ?
ರಾತ್ರಿ ಪಾಳಿ ಮುಗಿಸಿ ಬಂದೂ ನಿದ್ದೆ ಬಾರದೆ
ವಾರದ ಬಟ್ಟೆಗೆಲ್ಲ ಇಸ್ತ್ರಿ ಹಾಕುತ್ತೇನೆ.
'ಹೆರ್ಮೀನಿಯ ಚುರುಕು' ಅನ್ನುತ್ತಾರೆ ಆಸ್ಪತ್ರೆಯಲ್ಲಿ.
ಅದೇ ಸುಣ್ಣವೇ ಇದು?

ಭೂಮಿ ನಡುಗಿದ ರಾತ್ರಿ ಅವನಿಗೆ ಒಂಬತ್ತು,
ಚೀಸ್ ನೆಲಮಾಳಿಗೆಯಲ್ಲಿ, ಮುರಿದ ಹಲಗೆಗಳ ಕೆಳಗೆ, ಬೆಳಗಿನವರೆಗೆ.
ನಾನು ಬೇರೆ ಊರಲ್ಲಿ ಧರ್ಮತಾಯಿಯ ಮನೆಯಲ್ಲಿ
ಕಡುಬು ತಿನ್ನುತ್ತಿದ್ದೆ.
ಇದನ್ನು ಹೇಳಿದಾಗ ಡಾಕ್ಟರ್ 'ಇರಬಹುದು' ಅಂದರು,
ಸ್ವಲ್ಪ ಬಿಟ್ಟು 'ಇಲ್ಲದಿರಲೂಬಹುದು' ಅಂದರು.
ಒಂದು ರಾತ್ರಿಯ ತಲೆ ಮೇಲೆ ಎಷ್ಟಂತ ಹೊರಿಸುವುದು.

ಅಮ್ಮ ಆ ಮಾಳಿಗೆಯಲ್ಲೇ ಮೂವತ್ತು ವರ್ಷ ದುಡಿದಳು.
ಒಂದೇ ಹಾಲು, ಒಂದೇ ಹೆಪ್ಪು, ಒಂದೇ ಹಲಗೆ;
ತೊಂಬತ್ತನೇ ದಿನ ಒಂದು ಗಾಲಿ ಬಿರಿಯುತ್ತದೆ,
ಪಕ್ಕದ್ದು ಬಿರಿಯುವುದಿಲ್ಲ.
ಪುಟ್ಟ ಸುತ್ತಿಗೆಯಿಂದ ತಟ್ಟಿ, ಕಿವಿಯಿಟ್ಟು ಕೇಳುತ್ತಿದ್ದಳು.
ಯಾಕೆಂದು ಕೇಳಿದರೆ
'ಕೇಳಿಸಿದ್ದು ಹೇಳಬಲ್ಲೆ, ಯಾಕೆಂದಲ್ಲ,' ಅಂದು
ಮುಂದಿನದಕ್ಕೆ ಹೋಗುತ್ತಿದ್ದಳು.

ಭಾನುವಾರ ಗ್ವಾಲ್ತೆರ್ ಬಂದ. ಸೂಪು ಬಡಿಸಿದೆ.
ಚಮಚ ತುಟಿಗೆ ಹೋಗುವ ದಾರಿಯಲ್ಲಿ ಅರ್ಧ ಚೆಲ್ಲಿತು.
ನಾನು ಒರೆಸಲಿಲ್ಲ, ಅವನಿಗೆ ಅದು ಇಷ್ಟವಿಲ್ಲ.
ಹಿತ್ತಿಲ ಕೊಟ್ಟಿಗೆಯಲ್ಲಿ ಇನ್ನೂ ಒಂಬತ್ತು ಜೊತೆ
ಚಕ್ರದ ಬೂಟು ನೇತಾಡುತ್ತಿವೆ.

'ನನ್ನ ನಂಬರು ಎಷ್ಟು?' ಅಂದ.
'ನಲವತ್ತೊಂದು.'
'ನಿನ್ನದು?'
'ನಿನಗಿಂತ ಮೇಲೆ.'
'ಯಾವಾಗಲೂ ಹಾಗೇ ನೀನು,' ಅಂದು ನಕ್ಕ,
ಬ್ರೆಡ್ಡು ಮುರಿದು ದೊಡ್ಡ ಚೂರು ನನ್ನ ಕಡೆ ತಳ್ಳಿದ.