ಹೊಳೆದಾಸವಾಳ, ಕೋಡಿಬಾಗ

ಹೋದ ವರ್ಷ ಹೆಸ್ಕಾಂನವರು
ತಲೆ ಹಾರಿಸಿ ಹೋದರು.
ಬೋಳು ಮುಷ್ಟಿಯಿಂದೆದ್ದ ಚಿಗುರು
ಹೂ ಹೊರಲಾರದೆ ಮಳೆಗೆ ಜೋತುಬಿತ್ತು.

ಈ ಸಲ ಹಮ್ಮು ಗೌಡ. ಮಾಘ.
ಎಲೆ ಕೆಂಪಾಗಿ ಉದುರಿದೆ, ಕಣ್ಣು ಇನ್ನೂ ಒಡೆದಿಲ್ಲ.
ಅರ್ಧ ತಾಸು ಬರೀ ಸುತ್ತು ಹಾಕಿದ,
ಕತ್ತಿ ಸೊಂಟದ ಕೊಕ್ಕೆಯಲ್ಲೇ.
ಆಮೇಲೆ
ಉಜ್ಜಾಡುವ ಎರಡರಲ್ಲಿ ಒಂದು,
ಬುಡದ ಕಳ್ಳಚಿಗುರು,
ಒಳಗೆ ತಿರುಗಿದ ಬಡಕಲು ಕಡ್ಡಿ.
ಹೆಬ್ಬೆರಳಿಗಿಂತ ದಪ್ಪದ್ದನ್ನು ಮುಟ್ಟಲೇ ಇಲ್ಲ.

"ಇಷ್ಟೇನಾ?" ಅಂದೆ, ಇನ್ನೂರು ಕೊಡುತ್ತ.
"ಹಕ್ಕಿ ಹಾದುಹೋದರೆ ರೆಕ್ಕೆ ತಾಗಬಾರದು, ಅಕ್ಕೋರೇ. ಅಷ್ಟೇ."
ಆರು ಸೀಳು ಬಿರಿದ ಒಣಕಾಯಿಯೊಂದನ್ನು
ಮೊಮ್ಮಗಳಿಗೆಂದು ಕಿಸೆಗಿಳಿಸಿದ.

ಚೈತ್ರ ಕಳೆಯಿತು. ಕಾಳಿಯ ಗಾಳಿ
ಕೊಂಬೆ ನಡುವೆ ನುಸುಳಿ
ಅಡುಗೆಮನೆವರೆಗೂ ಬರುತ್ತದೆ ಈಗ.
ಹೂವಿನ್ನೂ ಇಲ್ಲ.
ತಂತಿಯ ಕೆಳಗೆ
ಬಟಾಣಿ ಗಾತ್ರದ ಬಿಗಿ ಮೊಗ್ಗು.