ಅರ್ಧ ಗಡ್ಡ

ಮೂರು ಪಂದ್ಯ, ಸೊನ್ನೆ ಗೋಲು.
ಭದ್ರಾವತಿಯ ಹಳೇ ಸೇತುವೆಯಿಂದ ಹೊಸ ಸೇತುವೆಯ ತನಕ
ಇದೊಂದೇ ಮಾತು.
ತಂಗವೇಲುವಿನ ಸೆಲೂನಿನಲ್ಲಿ
ನನ್ನ ಎಡಗೆನ್ನೆ ನುಣುಪು,
ಬಲಗೆನ್ನೆಯ ಮೇಲೆ ನೊರೆ ಒಣಗುತ್ತಿದೆ.
ಕತ್ತಿ ಅವನ ಕೈಯಲ್ಲಿ, ಮನಸ್ಸು ಮೈದಾನದಲ್ಲಿ.
ಇಂಥ ಹೊತ್ತಲ್ಲಿ ಗಂಟಲು ಒಪ್ಪಿಸಿ ಕೂತವನು
ಎದುರಾಡಬಾರದು.

‘ಹಿಂದಿನವರು ಕಣ್ಮುಚ್ಚಿ ಒದೀತಾರೆ.
ಚೆಂಡು ಆಕಾಶಕ್ಕೆ ಹೋಗಿ
ಗ್ರಹಗತಿ ವಿಚಾರಿಸ್ಕೊಂಡು ವಾಪಸ್ ಬರುತ್ತೆ.
ಅಷ್ಟೊತ್ತಿಗೆ ತರೀಕೆರೆ ಹುಡುಗರು ಆರು ಜನ
ಕೊಡ ಹಿಡಿದು ನಲ್ಲಿ ಮುಂದೆ ನಿಂತ ಹಾಗೆ
ಕಾಯ್ತಿರ್ತಾರೆ. ನಮ್ಮವರು? ಬಸ್ಸು ತಪ್ಪಿಸ್ಕೊಂಡೋರು!’
ಹೇಳಿದ್ದು ಗಫೂರ್, ಕಂಡಕ್ಟರು.
ಅವನಿಗೆ ಲೋಕವೆಲ್ಲ ಬಸ್ಸು ತಪ್ಪಿಸಿಕೊಂಡದ್ದೇ.

ಮೂವತ್ತೊಂದು ವರ್ಷ ಕುಲುಮೆಯ ಮುಂದೆ ಬೆವರಿದ
ಇನಾಸಪ್ಪ ಪೇಪರು ಮಡಿಸಿದ.
‘ಕಬ್ಬಿಣ ಕಾಯೋ ಮುಂಚೆ ಬಡಿದರೆ ಕೈಯೇ ನೋಯೋದು.
ಇವರು ಒಟ್ಟಿಗೆ ಸೇರಿ ಇಪ್ಪತ್ತು ದಿನ ಆಗಿಲ್ಲ,
ಒಬ್ಬನ ಕಾಲು ಇನ್ನೊಬ್ಬನಿಗೆ ಪರಿಚಯ ಆಗಬೇಡ್ವಾ?
ನಾಟಿ ಗದ್ದೇಲಿ ನಿಂತು ಅನ್ನ ಕೇಳ್ತೀರಲ್ಲ.
ನಮ್ಮ ಕಾಲದಲ್ಲಿ...’

ಆ ಕಾಲ ಎಲ್ಲರಿಗೂ ಗೊತ್ತು.
ಅದರ ಫೈನಲ್ಲಿಗೆ ಪ್ರತಿ ಮಳೆಗಾಲ ಒಂದು ಗೋಲು ಬೆಳೆಯುತ್ತದೆ.
ಹೋದ ವರ್ಷ ಏಳಿತ್ತು.

ತಮ್ಮನ ಕಟಿಂಗಿಗೆಂದು ಬಂದು
ಹೊಸಿಲ ಆಚೆಯೇ ನಿಂತಿದ್ದ ಲವೀನಾ,
ಎರಡನೇ ಬಿ.ಕಾಂ., ನೋಟ್‌ಬುಕ್ಕಿನ ಹಿಂದಿನ ಪುಟ ತೆಗೆದಳು.
‘ಮೂವತ್ನಾಲ್ಕು ಸಲ ಒದ್ದಿದ್ದಾರೆ, ಗುರಿಗೆ ಹೋಗಿದ್ದು ಐದು.
ಚೆಂಡು ಸಿಗ್ತಿಲ್ಲ ಅನ್ನೋದು ಸುಳ್ಳು ಅಂಕಲ್.
ಸಿಗುತ್ತೆ. ಸಿಕ್ಕ ಕೂಡಲೇ ಹೆದರ್ತಾರೆ.’
ಯಾರೂ ಅವಳಿಗೆ ಉತ್ತರ ಕೊಡಲಿಲ್ಲ.
ಗಫೂರ್ ಮಾತ್ರ ಆ ಐದನ್ನು
ಚಿಲ್ಲರೆಯ ಹಾಗೆ ಎರಡು ಸಲ ಎಣಿಸಿದ.

ತಂಗವೇಲು ಕತ್ತಿ ಕೆಳಗಿಟ್ಟ. ಬ್ರಷ್ಷು ಅದ್ದಿದ.
ಕನ್ನಡಿಯ ಮೇಲೆ ನೊರೆಯ ಹನ್ನೊಂದು ಚುಕ್ಕೆ.
ಕಾಲರಿನ ಹತ್ತಿರ ನಮ್ಮ ಗೋಲ್‌ಕೀಪರು,
ಗಲ್ಲದ ಮೇಲೆ ನಾಲ್ವರು,
ನನ್ನ ಹಣೆಯ ನಟ್ಟನಡುವೆ ಒಂದೇ ಒಂದು ಚುಕ್ಕೆ.
‘ಇವನು ಕುಬೇರ. ಇಲ್ಲಿಂದ ಅಲ್ಲಾಡಲ್ಲ.
ಹೆಸರು ಕುಬೇರ, ಖಾತೆ ಸೊನ್ನೆ!
ಗೋಲು ಹೊಡಿ ಅಂತ ಕಳಿಸಿದ್ರೆ
ಊರನ್ನೇ ಗೋಳು ಹೊಯ್ಕೋತಾನೆ.’
ಬೆಂಚು ನಕ್ಕಿತು. ನಾನೂ ನಕ್ಕೆ,
ಕತ್ತಿ ದೂರವಿತ್ತಲ್ಲ.

ಆಗ ಬಾಗಿಲಲ್ಲಿ ಕುಬೇರ.
ಬೂಟಿನ ಲೇಸು ಗಂಟು ಹಾಕಿ ಕೊರಳಿಗೆ ತೂಗುಹಾಕಿದ್ದ,
ಮೀನಖಂಡದ ತನಕ ಕೆಸರು.
‘ಸೈಡ್ ಮಾತ್ರ ಅಣ್ಣ, ಮೆಷಿನ್ ಹಾಕಿ.’

ಗಫೂರ್ ಫ್ಯಾನಿನ ಸದ್ದಿನ ವಿಷಯ ಎತ್ತಿದ.
ಇನಾಸಪ್ಪ ತಲೆಕೆಳಗಾದ ಪೇಪರು ಓದತೊಡಗಿದ.
ತಂಗವೇಲು ಟವೆಲು ಹಿಡಿದು ಕನ್ನಡಿಗೆ ಧಾವಿಸಿದ.
ಹಿಂದಿನ ಸಾಲು ಅಳಿಸಿತು, ಹಣೆಯ ಚುಕ್ಕೆ ಉಳಿಯಿತು.

‘ಇದು ನಾನಾ?’
ಹೌದು ಎನ್ನಲು ಯಾರಿಗೂ ನಾಲಗೆ ಹೊರಳಲಿಲ್ಲ.
ಅವನು ಹತ್ತಿರ ಬಂದು
ಆ ಚುಕ್ಕೆಯ ಮೇಲೆ ಬೆರಳಿಟ್ಟು ಎಳೆದ,
ನನ್ನ ಹಣೆಯಿಂದ ಎಡಗಿವಿಯ ತನಕ.
‘ಇಲ್ಲಿ ಆಡ್ತೀನಿ ಅಂದೆ. ಸರ್ ಬೇಡ ಅಂದ್ರು.’
ಬೆರಳಿನ ನೊರೆಯನ್ನು ಚಡ್ಡಿಗೆ ಒರೆಸಿಕೊಂಡ.
‘ಆದ್ರೆ ತರೀಕೆರೆ ಮ್ಯಾಚಲ್ಲಿ, ಕೊನೇಲಿ,
ಆ ಚೆಂಡು ಕಾಲಿಗೇ ಬಂದಿತ್ತು.
ಕೀಪರ್ ಬಿದ್ದಿದ್ದ. ಗೋಲು ಖಾಲಿ.
ಅದಕ್ಕೆ ಸರ್ ಕಾರಣ ಅಲ್ಲ.’

ಹೊಸಿಲಾಚೆ ನೋಟ್‌ಬುಕ್ಕು ಮೆಲ್ಲಗೆ ಮುಚ್ಚಿತು.

ನಾನು ಕುರ್ಚಿ ಬಿಟ್ಟೆದ್ದೆ.
‘ಕೂತ್ಕೋ ಮಾರಾಯ. ನನಗೇನು ಅವಸರ.’
ಕೂತ. ಬಿಳಿ ಬಟ್ಟೆಯೊಳಗಿಂದ ತಲೆಯೊಂದೇ ಕಾಣುವಾಗ
ಹತ್ತೊಂಬತ್ತೂ ತುಂಬದ ಮುಖ.
ಎರಡು ನಿಮಿಷ ಮೆಷಿನ್ನಿನ ಗುಂಯ್ ಮಾತ್ರ.

ಆಮೇಲೆ ಗಫೂರ್ ಕೆಮ್ಮಿದ:
‘ತಂಗವೇಲು, ಎರಡನೇ ನಂಬರ್ ಹಾಕಬೇಕಿತ್ತು.’
‘ಮೂರೇ ಸರಿ,’ ಇನಾಸಪ್ಪ.
‘ನಮ್ಮ ಕಾಲದಲ್ಲಿ...’

ಶನಿವಾರ ಸಾಗರದವರ ಮೇಲೆ ಪಂದ್ಯ.
ನನ್ನ ಬಲಗೆನ್ನೆ ಇನ್ನೂ ಹಾಗೇ ಇದೆ.