ಕೇಳಿಸಿದಾಗ ಒತ್ತಿ

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ ಹದಿಮೂರರಲ್ಲಿ
ಟೈರಿನ ಗೋಡೌನು, ಪರೋಟದಂಗಡಿ, ಇವೆರಡರ ನಡುವೆ
ನನ್ನದೊಂದು ಕಿವಿ ಇದೆ. ಉಕ್ಕಿನದು.
ಒಳಗೆ ಎರಡು ಸಿಸಿ ಗಾಳಿ, ಅದರಾಚೆ ಮೈಕು.
ಯಾವ ಮೇಷ್ಟ್ರೂ ಹಿಂಡದ ಕಿವಿ,
ಚಾಡಿಗೆ ಬಗ್ಗದ್ದು, ಗುಗ್ಗೆ ಕಟ್ಟದ್ದು.
ಪೆಟ್ಟಿಗೆಯ ಮುಚ್ಚಳ ಹಾಕಿದರೆ
ಹೊರಗಿನ ಲಾರಿ ಇಲ್ಲ, ಬಾಂಗು ಇಲ್ಲ,
ಏಸಿಯ ಗೊರಕೆಯೂ ಇಲ್ಲ.

ಇವತ್ತು ಬಂದದ್ದು ಅರವತ್ತು ಜೊತೆ.
ಗೋಡಂಬಿಯಷ್ಟು ಗಾತ್ರ, ಚರ್ಮದ ಬಣ್ಣ,
ಯಾರ ಚರ್ಮವೋ, ನಮ್ಮ ಕಡೆಯವರದಲ್ಲ.
ಡಬ್ಬಿಯ ಮೇಲೊಬ್ಬ ನಗುವ ಅಜ್ಜ:
ಡಾಕ್ಟರು ಬೇಡ, ಚೀಟಿ ಬೇಡ, ಫೋನಿದ್ದರೆ ಸಾಕು,
ನಿಮ್ಮ ಕಿವಿಗೆ ನೀವೇ ದರ್ಜಿ.

ಒಂದನ್ನು ಸಿಕ್ಕಿಸಿ ತೊಂಬತ್ತರ ಸದ್ದು ಕೊಟ್ಟೆ.
ನಮ್ಮ ಕಾಗದದ ಗೆರೆ ನೂರಹದಿನೇಳು.
ಅದು ನೂರಿಪ್ಪತ್ತಾರಕ್ಕೆ ಕೂಗಿತು.
ಮತ್ತೊಂದು, ಸದ್ದೇ ಕೊಡದಿದ್ದಾಗಲೂ
ಒಳಗೊಳಗೇ ಬಾಣಲೆಯಲ್ಲಿ ಏನೋ ಕರಿಯುತ್ತಿತ್ತು.
ಹನ್ನೊಂದನೆಯದು ನೆಟ್ಟಗೆ. ಹನ್ನೆರಡನೆಯದೂ.
ಹದಿಮೂರು, ದೇವರೇ.
ಬರೆದೆ. ಸಹಿ. ಸೀಲು.
ಒಂದೇ ಅಚ್ಚಿನ ಮಕ್ಕಳು ಹೀಗೇಕೆ ಎಂದು ಕೇಳಲು
ಆ ಫಾರ್ಮಿನಲ್ಲಿ ಜಾಗವಿಲ್ಲ.

ಸಂಜೆ ರೋಲಾದ ಬಳಿ ಮೋನಪ್ಪಣ್ಣ ಸಿಕ್ಕರು,
ಕೈಯಲ್ಲಿ ಅದೇ ಅಜ್ಜ. ನಲವತ್ತೊಂಬತ್ತು ದಿರ್ಹಂ,
ಚಾರ್ಜರು ಫ್ರೀ.
ಹಮ್ರಿಯಾದ ಯಾರ್ಡಿನಲ್ಲಿ ಇಪ್ಪತ್ತೆರಡು ವರ್ಷ
ಹಡಗಿನ ಹೊಟ್ಟೆಯೊಳಗೆ ಕೂತು ತುಕ್ಕು ಕುಟ್ಟಿದವರು.
"ಒಂಚೂರು ನೋಡಿ ಮಾರಾಯ್ರೆ, ನಿಮ್ಮದು ಇದೇ ಕೆಲಸ ಅಲ್ವಾ?"

ಫೋನು ಹೇಳಿತು, ಅರಬಿಯಲ್ಲಿ, ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ:
ಕೇಳಿಸಿದಾಗ ಒತ್ತಿ.
ಅವರು ಒತ್ತಿದರು.
ಒಂದು, ಎರಡು, ಉಸಿರು, ಮತ್ತೊಂದು,
ಕೆಲವು ಸಲ ಸದ್ದು ಹೊರಡುವ ಮೊದಲೇ.
ಪಾಪದ ಫೋನು, ನಂಬಿತು.
ಅಭಿನಂದನೆ, ನಿಮ್ಮ ಶ್ರವಣ ಉತ್ತಮ, ಎಂದು
ಯಂತ್ರದ ದನಿಯನ್ನು ಪಿಸುಮಾತಿಗೆ ಇಳಿಸಿ ಸುಮ್ಮನಾಯಿತು.

ಇದನ್ನೆಲ್ಲಿ ಕಲಿತಿರಿ, ಎಂದು ಎರಡು ಸಲ ಕೇಳಿದೆ.
ಮೂರನೆಯ ಸಲ ನಕ್ಕರು.
ವರ್ಷಕ್ಕೊಂದು ಮೆಡಿಕಲ್. ಗಾಜಿನ ಕೋಣೆ, ಹೆಡ್‌ಫೋನು, ಗುಂಡಿ.
ಕೇಳುವುದಿಲ್ಲ ಅಂದವನು ಸೀದಾ ಊರಿಗೆ.
ಹಾಗಾಗಿ ಕ್ಯಾಂಪಿನಲ್ಲಿ ಹಳಬರು ಹೊಸಬರಿಗೆ ಹೇಳಿಕೊಡುತ್ತಾರೆ:
ನರ್ಸಮ್ಮನ ಭುಜ ನೋಡು, ಅಲುಗಿದರೆ ಸದ್ದು ಬಂತು.
ಭುಜ ಕಾಣದಿದ್ದರೆ ಮನಸ್ಸಿನಲ್ಲೇ ಎಣಿಸು.
ಹೀಗೆ ಹದಿನಾಲ್ಕು ಸಲ ಪಾಸು.

ಉಕ್ಕಿನ ಕಿವಿಗೆ ವೀಸಾ ಇಲ್ಲ, ಸುಳ್ಳು ಬಾರದು.
ಹೆದರಿದ ಹೆಬ್ಬೆರಳಿಗೆ ಎಷ್ಟರವರೆಗೆ ವಿನಾಯಿತಿ ಎಂದು
ನಿಯಮದ ಪುಸ್ತಕ ತೆಗೆದು ನೋಡಿದೆ.
ನಿಜವಾಗಿ ನೋಡಿದೆ, ಅನುಬಂಧದ ತನಕ.

ಶುಕ್ರವಾರ ಲ್ಯಾಬಿಗೆ ಕರೆದು ಬೆನ್ನು ತಿರುಗಿಸಿ ಕೂರಿಸಿದೆ.
ಒಂದು ನಿಮಿಷ ಏನೂ ಕೊಡಲಿಲ್ಲ.
ಅವರು ಏಳು ಸಲ ಒತ್ತಿದರು.

ಎದುರಿಗೆ ಹೋಗಿ, ತುಟಿ ಕಾಣುವ ಹಾಗೆ, ತುಳುವಿನಲ್ಲಿ ಹೇಳಿದೆ:
ಇದು ಕಂಪನಿಯಲ್ಲ,
ಇಲ್ಲಿ ಫೇಲಾದರೆ ಯಾರಿಗೂ ಬರೆದು ಕಳಿಸುವುದಿಲ್ಲ.
ತಲೆಯಾಡಿಸಿದರು, ಎಲ್ಲದಕ್ಕೂ ಆಡಿಸುವ ಹಾಗೆ.
ಮತ್ತೆ ಬೆನ್ನು. ಈ ಸಲ ಕೊಟ್ಟೆ.
ನಲವತ್ತು. ಐವತ್ತು.
ಹೆಬ್ಬೆರಳು ಗುಂಡಿಯ ಮೇಲೆ ನಡುಗುತ್ತಿತ್ತು,
ಬಿಸಿ ಹಂಚು ಮುಟ್ಟಲೋ ಬೇಡವೋ ಎಂಬಂತೆ.
ಅರವತ್ತು.
ಅರವತ್ತೈದು.

ಎಪ್ಪತ್ತಕ್ಕೆ ಒತ್ತಿ, ಕುರ್ಚಿಯಲ್ಲೇ ಪೂರ್ತಿ ತಿರುಗಿ,
"ಈಗ ಒಂದು ಬಂತಲ್ಲ? ಅದು ಹೌದಾ?" ಎಂದರು.
ಹೌದು, ಎಂದೆ.
"ಏನು?" ಎಂದರು,
ಕೈಯನ್ನು ಕಿವಿಯ ಹಿಂದೆ ಬಟ್ಟಲು ಮಾಡಿ,
ನಾಚದೆ.